ಮಿಡಿಯುವ ತಾರೆಗಳೂ ಕ್ವಾರ್ಕ್ ತಾರೆಯ ಪ್ರಶ್ನೆಯೂ

ಈ ಸ್ಮರಣ ಸಂಚಿಕೆಗೆ ವಿಜ್ಞಾನ ವಿಷಯಕವಾದ ಲೇಖನವೊಂದನ್ನು ಬರೆದುಕೊಡಬೇಕೆಂದು ಸಂಪಾದಕ ಮಂಡಲಿಯವರು ನಮ್ಮನ್ನು ಕೇಳಿದಾಗ, ಬಾವಿಯ ನೀರಿನ ಶುದ್ಧಿಯನ್ನು ಕುರಿತೋ ಹಸುಳೆಗಳ ಆಹಾರವನ್ನು ಕುರಿತೋ ಬರೆಯುವುದು ತಾಯಿತಂದೆಗಳಿಗೆ ಹೆಚ್ಚು ಉಪಯುಕ್ತವಾದೀತೆಂದು ಮೊದಲು ನಮಗೆ ತೋರಿತ್ತು. ಆದರೆ ಕಳೆದ ಚಳಿಗಾಲದ ಒಂದು ರಾತ್ರಿ ವಿದ್ಯಾರ್ಥಿನಿಲಯದ ಬಾಲಿಕೆಯರನ್ನು ಅಂಗಳದಲ್ಲಿ ನಿಲ್ಲಿಸಿ ರೋಹಿಣಿ, ಮೃಗಶಿರೆಗಳನ್ನು ತೋರಿಸುತ್ತಿದ್ದಾಗ ಕುಷ್ಟಗಿಯ ಕಡೆಯ ಹುಡುಗಿಯೊಬ್ಬಳು, "ಚುಕ್ಕಿ ಸತ್ತರ ಅದರ ಹೆಣ ಎಲ್ಲಿ ಬೀಳತೈತ್ರೀ, ಅಕ್ಕೋರ?" ಎಂದು ಕೇಳಿದಳು. ಉಳಿದವರೆಲ್ಲರೂ ನಕ್ಕರು. ನಾವು ನಗಲಿಲ್ಲ, ಏಕೆಂದರೆ ಕಳೆದ ನೂರು ವರ್ಷಗಳಿಂದ ದೊಡ್ಡ ದೊಡ್ಡ ಪಂಡಿತರು ಕೇಳುತ್ತ ಬಂದಿರುವ ಪ್ರಶ್ನೆಯೂ ಅದೇ ಆಗಿರುತ್ತದೆ. ಆ ರಾತ್ರಿ ನಾವು ಕೊಟ್ಟ ಉತ್ತರವು ಅರೆಬರೆಯಾಗಿದ್ದಿತು. ಈಗ ಅದನ್ನು ಸಾವಕಾಶವಾಗಿ ಹೇಳಬೇಕೆಂದಿದ್ದೇವೆ. ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಸೀಮೆಗಳಲ್ಲಿ ಸಂಸಾರವಂದಿಗರಾಗಿರುವ ನಮ್ಮ ಪೂರ್ವ ವಿದ್ಯಾರ್ಥಿನಿಯರೂ, ಈಗಿನ ಬಾಲಿಕೆಯರ ತಾಯಿತಂದೆಗಳೂ ಇದನ್ನು ಓದಿ, ಮನೆಯಲ್ಲಿ ಮಕ್ಕಳು ಕೇಳಿದಾಗ ಹೇಳುವಂತಾಗಲೆಂಬುದು ನಮ್ಮ ಅಪೇಕ್ಷೆ.

ಸತ್ತ ನಕ್ಷತ್ರವೊಂದು ಎಲ್ಲಿದೆ ಎಂದು ಬೆರಳಿಟ್ಟು ತೋರಿಸಲು ಸಾಧ್ಯವಿದೆ. ಪುಷ್ಯ ಮಾಘ ಮಾಸಗಳ ಸಂಜೆ, ನಮ್ಮ ರೈತರು ಮಿರಗವೆಂದು ಕರೆಯುವ ಮೃಗಶಿರೆಯು ಮೇಲೇರಿದಾಗ, ಅದರ ನೇರ ಉತ್ತರಕ್ಕೆ ಹೆಚ್ಚುಕಡಮೆ ನೆತ್ತಿಯ ಮೇಲೆಯೇ ಬರುವ ಒಂದು ಎಡೆಯಿದೆ. 1054ನೆಯ ಇಸವಿಯ ಜುಲೈ 4ರಂದು ಅಲ್ಲಿ ಹೊಸದೊಂದು ನಕ್ಷತ್ರವು ಹೊತ್ತಿಕೊಂಡಿತೆಂದೂ, 23 ದಿವಸಗಳ ಕಾಲ ಅದು ಹಗಲಿನಲ್ಲಿಯೂ ಕಾಣಿಸುತ್ತಿದ್ದಿತೆಂದೂ ಚೀನ ದೇಶದ ಅರಮನೆಯ ಜ್ಯೋತಿಷಿಗಳು ಬರೆದಿಟ್ಟಿರುವರು. ಆಗ ನಮ್ಮ ಈ ನಾಡನ್ನು ಕಲ್ಯಾಣದ ಚಾಲುಕ್ಯರ ಒಂದನೆಯ ಸೋಮೇಶ್ವರನು ಆಳುತ್ತಿದ್ದನು. ಇಟಗಿಯ ಮಹಾದೇವ ದೇವಾಲಯವು ಕಟ್ಟಲ್ಪಟ್ಟುದು 1112ರಲ್ಲಿ, ಎಂದರೆ ಅದಕ್ಕೆ 58 ವರ್ಷಗಳ ತರುವಾಯ. ಈಗ ದೂರದರ್ಶಕದಿಂದ ನೋಡಿದರೆ ಆ ಎಡೆಯಲ್ಲಿ ಹೊಗೆಯಂತೆ ಹರಡಿರುವ ಒಂದು ಮೋಡವು ಕಂಡುಬರುವುದು. ಅದಕ್ಕೆ ಏಡಿ ನೀಹಾರಿಕೆ ಎಂದು ಹೆಸರು. ಅದರ ನಡುವೆ ಆ ನಕ್ಷತ್ರದ ಹೆಣವು ಇರುತ್ತದೆ. ಆದರೆ ಅದು ಬಿದ್ದಿಲ್ಲ. ಸೆಕೆಂಡಿಗೆ 30 ಸಲ ಗರಗರನೆ ತಿರುಗುತ್ತಲಿದೆ. ಇಂಥವುಗಳಿಗೆ ಪಲ್ಸಾರ್ ಎಂದು ಹೆಸರು; ಮಿಡಿಯುವ ತಾರೆಯೆಂದು ನಾವು ಕನ್ನಡಿಸಬಹುದು. ವಾಸ್ತವವಾಗಿ ನೋಡಿದರೆ ಅದು ಮಿಡಿಯುವುದಿಲ್ಲ, ಸುತ್ತುತ್ತದೆ. ಹೆಸರಿಟ್ಟಾಗ ಈ ಸಂಗತಿಯು ಸ್ಪಷ್ಟವಾಗಿರಲಿಲ್ಲ.

ಮೊಟ್ಟಮೊದಲನೆಯ ಪಲ್ಸಾರನ್ನು ಕಂಡವರು ಒಬ್ಬ ವಿದ್ಯಾರ್ಥಿನಿ. ಅವರ ಹೆಸರು ಜಾಸಲಿನ್ ಬೆಲ್. ಉತ್ತರ ಐರ್ಲೆಂಡಿನಲ್ಲಿ 1943ರಲ್ಲಿ ಹುಟ್ಟಿದವರು. ಅವರ ಕಥೆಯನ್ನು ಸ್ವಲ್ಪ ವಿಸ್ತಾರವಾಗಿಯೇ ಹೇಳಲು ವಾಚಕರು ಅಪ್ಪಣೆ ಕೊಡಬೇಕು. ಹನ್ನೊಂದನೆಯ ವಯಸ್ಸಿನ ಪರೀಕ್ಷೆಯಲ್ಲಿ ಅವರು ಉತ್ತೀರ್ಣರಾಗಲಿಲ್ಲ. ಊರಿನ ಶಾಲೆಯಲ್ಲಿ ವಿಜ್ಞಾನದ ಪಾಠದ ಹೊತ್ತಿಗೆ ಹುಡುಗರನ್ನು ಪ್ರಯೋಗಶಾಲೆಗೂ ಹುಡುಗಿಯರನ್ನು ಅಡಿಗೆಯ ಪಾಠಕ್ಕೂ ಕಳುಹಿಸುವ ವಾಡಿಕೆ ಇದ್ದಿತು. ಅವರ ತಾಯಿತಂದೆಗಳು ಹೋಗಿ ಜಗಳವಾಡಿದ ಮೇಲೆ ಅವರಿಗೂ ಬೇರೆ ಇಬ್ಬರು ಹುಡುಗಿಯರಿಗೂ ವಿಜ್ಞಾನದ ಕೊಠಡಿಯಲ್ಲಿ ಸ್ಥಳ ದೊರೆಯಿತು. ಅನಂತರ ಯಾರ್ಕ್ ನಗರದಲ್ಲಿ ಕ್ವೇಕರ್ ಪಂಥದ ಕ್ರೈಸ್ತರು ನಡೆಸುತ್ತಿದ್ದ ಬಾಲಿಕೆಯರ ಶಾಲೆಗೆ ಅವರನ್ನು ಸೇರಿಸಲಾಯಿತು. ಅಲ್ಲಿ ಟಿಲಟ್ ಎಂಬ ಉಪಾಧ್ಯಾಯರು ಭೌತಶಾಸ್ತ್ರವನ್ನು ಮನಮುಟ್ಟುವಂತೆ ಕಲಿಸಿದರೆಂದು ಅವರು ಇಂದಿಗೂ ಸ್ಮರಿಸುತ್ತಾರೆ. ಕಲಿಸುವ ವೃತ್ತಿಯಲ್ಲಿರುವ ನಮಗೆ ಇದನ್ನು ಬರೆಯುವಾಗ ಒಂದಿಷ್ಟು ಸಂತೋಷವಾದರೆ ಅದನ್ನು ಮನ್ನಿಸಬೇಕು.

1965ರಲ್ಲಿ ಅವರು ಕೇಂಬ್ರಿಜ್ಜಿಗೆ ಹೋಗಿ ಆಂಟನಿ ಹ್ಯೂಯಿಷ್ ಎಂಬ ಅಧ್ಯಾಪಕರಲ್ಲಿ ಸಂಶೋಧನೆಗೆ ಸೇರಿದರು. ಮೊದಲಿನ ಎರಡು ವರ್ಷ ಮಾಡಿದ ಕೆಲಸವೆಂದರೆ ಗೂಟ ನೆಡುವುದು, ತಂತಿ ಎಳೆಯುವುದು. ನಾಲ್ಕೂವರೆ ಎಕರೆ ಹೊಲದಲ್ಲಿ ಸಾವಿರಕ್ಕೂ ಮಿಕ್ಕು ಕಂಬಗಳನ್ನು ನೆಟ್ಟು, 2,048 ತಂತಿಯ ಗ್ರಾಹಕಗಳನ್ನು ಕಟ್ಟಿದರು. ಅದೇ ಅವರ ದೂರದರ್ಶಕ; ಆದರೆ ಅದು ಬೆಳಕನ್ನಲ್ಲ, ಆಕಾಶದಿಂದ ಬರುವ ರೇಡಿಯೋ ಅಲೆಗಳನ್ನು ಹಿಡಿಯತಕ್ಕದ್ದು. ಯಂತ್ರದ ಲೇಖನಿಯು ದಿನವೊಂದಕ್ಕೆ 96 ಅಡಿ ಉದ್ದದ ಕಾಗದದ ಮೇಲೆ ಗೆರೆಯನ್ನು ಎಳೆಯುತ್ತಿದ್ದಿತು. ಅದನ್ನೆಲ್ಲ ಕಣ್ಣಿನಿಂದಲೇ ನೋಡಿ ಶೋಧಿಸುವುದು ಬೆಲ್ ಅವರ ಪಾಲಿನ ಕೆಲಸ. 1967ರ ಆಗಸ್ಟಿನಲ್ಲಿ ಒಂದೆಡೆ ಕಾಲಂಗುಲಕ್ಕಿಂತಲೂ ಹೆಚ್ಚಿಲ್ಲದ ಒಂದು ಗೀಚು ಅವರ ಕಣ್ಣಿಗೆ ಬಿದ್ದಿತು. ಅದು ನಕ್ಷತ್ರದ ಗುರುತಿನಂತೆಯೂ ಇರಲಿಲ್ಲ, ಮೋಟಾರು ಮುಂತಾದವುಗಳ ಗದ್ದಲದಂತೆಯೂ ಇರಲಿಲ್ಲ. ಬೇರೆ ಯಾರಾದರೂ ಆಗಿದ್ದರೆ ಬಿಟ್ಟುಬಿಡುತ್ತಿದ್ದರು. ಅವರು ಹಿಂದಿನ ಕಾಗದಗಳನ್ನು ಹುಡುಕಿ, ಅದೇ ಗೀಚು ಆಕಾಶದ ಅದೇ ಎಡೆಯಿಂದ ಪದೇಪದೇ ಬರುತ್ತಿರುವುದನ್ನು ಕಂಡರು. ನವೆಂಬರ್ 28ರಂದು ಕಾಗದವನ್ನು ವೇಗವಾಗಿ ಓಡಿಸಿ ನೋಡಲಾಗಿ, ಆ ಗೀಚು ಬಿಡಿಬಿಡಿಯಾದ ಮಿಡಿತಗಳಾಗಿ ಒಡೆಯಿತು. ಒಂದು ಮಿಡಿತಕ್ಕೂ ಮತ್ತೊಂದಕ್ಕೂ ನಡುವೆ 1.337 ಸೆಕೆಂಡು, ಒಂದಿನಿತೂ ಹೆಚ್ಚುಕಡಮೆ ಇಲ್ಲ.

ಇಷ್ಟು ಕರಾರುವಾಕ್ಕಾದ ತಾಳವನ್ನು ಯಾರಾದರೂ ಬುದ್ಧಿವಂತ ಪ್ರಾಣಿಗಳು ಕಳುಹಿಸುತ್ತಿರಬಹುದೇ ಎಂಬ ಸಂದೇಹವು ಅರೆ ತಮಾಷೆಯಾಗಿ ಹುಟ್ಟಿ, ಅದಕ್ಕೆ ಹಸಿರು ಕುಳ್ಳರು ಎಂಬರ್ಥದ ಅಡ್ಡಹೆಸರೂ ಬಿದ್ದಿತು. ಡಿಸೆಂಬರ್ 21ರ ರಾತ್ರಿ ಬೆಲ್ ಅವರು ಆಕಾಶದ ಇನ್ನೊಂದು ದಿಕ್ಕಿನಲ್ಲಿ ಅಂಥದೇ ಎರಡನೆಯದನ್ನು ಕಂಡರು. ಎರಡು ದಿಕ್ಕಿನಿಂದ ಎರಡು ಗುಂಪಿನ ಕುಳ್ಳರು ಒಂದೇ ಬಗೆಯಾಗಿ ಕರೆಯುವುದು ಸಂಭವವಲ್ಲವಾದ್ದರಿಂದ ಇದು ಪ್ರಕೃತಿಯ ಕಾರ್ಯವೆಂದು ನಿಶ್ಚಯವಾಯಿತು. 1968ರ ಫೆಬ್ರವರಿಯಲ್ಲಿ ಈ ಸುದ್ದಿ ಪ್ರಕಟವಾದಾಗ ಪತ್ರಕರ್ತರು ಹ್ಯೂಯಿಷ್ ಅವರನ್ನು ವಿಜ್ಞಾನದ ವಿಷಯವಾಗಿಯೂ, ಬೆಲ್ ಅವರನ್ನು ಅವರ ಎತ್ತರ ಮತ್ತು ಸ್ನೇಹಿತರ ವಿಷಯವಾಗಿಯೂ ಪ್ರಶ್ನಿಸಿದರು. 1974ರಲ್ಲಿ ಈ ಶೋಧಕ್ಕೆ ಸಂದ ನೊಬೆಲ್ ಪಾರಿತೋಷಕದಲ್ಲಿಯೂ ಅವರ ಹೆಸರಿರಲಿಲ್ಲ. 2018ರಲ್ಲಿ ಅವರಿಗೆ 30 ಲಕ್ಷ ಡಾಲರುಗಳ ಬೇರೊಂದು ಬಹುಮಾನ ಬಂದಿತು. ಅವರು ಅದರಲ್ಲಿ ಒಂದು ಕಾಸನ್ನೂ ಇಟ್ಟುಕೊಳ್ಳದೆ, ಭೌತಶಾಸ್ತ್ರದಲ್ಲಿ ಮುಂದುವರಿಯಲು ಅನುಕೂಲವಿಲ್ಲದ ವಿದ್ಯಾರ್ಥಿಗಳ ವೇತನಕ್ಕೆ ಕೊಟ್ಟುಬಿಟ್ಟರು.

ಇನ್ನು ಈ ಮಿಡಿತದ ಕಾರಣವೇನು? ಇರುಳಿನಲ್ಲಿ ಗಾಣ ಆಡುತ್ತಿರುವಾಗ ಎತ್ತಿನ ಹೊರಮಗ್ಗುಲಿಗೆ ಕಂದೀಲನ್ನು ಕಟ್ಟಿದ್ದಾರೆಂದು ಭಾವಿಸಿರಿ. ದೂರದ ಹೊಲದಲ್ಲಿ ನಿಂತವನಿಗೆ, ಎತ್ತು ಇತ್ತ ಬಂದಾಗ ಬೆಳಕು ಕಾಣಿಸುವುದು, ಅತ್ತ ಹೋದಾಗ ಅದರ ಮೈಯೇ ಮರೆಯಾಗುವುದು. ಕಂದೀಲು ಆರಿ ಹೊತ್ತುತ್ತಿಲ್ಲ. ಗಾಣವು ತಿರುಗುತ್ತಿದೆ, ಅಷ್ಟೆ. ಪಲ್ಸಾರಿನ ಆಯಸ್ಕಾಂತದ ಧ್ರುವಗಳಿಂದ ರೇಡಿಯೋ ಅಲೆಗಳು ಎರಡು ಕೋಲುಗಳಂತೆ ಹೊರಡುತ್ತವೆ. ಅದು ತಿರುಗುವಾಗ ಕೋಲು ನಮ್ಮ ಭೂಮಿಯ ಮೇಲೆ ಹಾಯ್ದ ಪ್ರತಿಸಲವೂ ಒಂದು ಮಿಡಿತವು ನಮಗೆ ಕೇಳಿಬರುವುದು. ಅದರ ಕಾಂತಬಲವು ಸಾಮಾನ್ಯವಾಗಿ ಭೂಮಿಯದಕ್ಕಿಂತ ಲಕ್ಷ ಕೋಟಿ ಪಾಲು ಅಧಿಕ.

ಆದರೆ ನಕ್ಷತ್ರವೊಂದು ಸೆಕೆಂಡಿಗೆ 30 ಸಲ ತಿರುಗಬೇಕಾದರೆ ಅದು ಬಹು ಚಿಕ್ಕದೂ ಬಹು ಗಟ್ಟಿಯೂ ಆಗಿರತಕ್ಕದ್ದು. ಇಲ್ಲವಾದರೆ ಒದ್ದೆ ಬಟ್ಟೆಯನ್ನು ಬೀಸಿದಾಗ ನೀರು ಸಿಡಿಯುವಂತೆ ಚೂರುಚೂರಾಗಿ ಹೋದೀತು. ಅಂಥ ವಸ್ತು ಹೇಗೆ ಆಗುವುದೆಂಬುದನ್ನು ಹೇಳಲು ಸ್ವಲ್ಪ ಹಿಂದಕ್ಕೆ ಹೋಗಬೇಕು. 1930ರಲ್ಲಿ ನಮ್ಮ ದೇಶದ ಸುಬ್ರಹ್ಮಣ್ಯನ್ ಚಂದ್ರಶೇಖರ್ ಎಂಬ 19 ವಯಸ್ಸಿನ ತರುಣರು ವಿಲಾಯತಿಗೆ ಹಡಗಿನಲ್ಲಿ ಹೋಗುತ್ತ, ಸತ್ತ ನಕ್ಷತ್ರದ ತಿರುಳಿನ ತೂಕಕ್ಕೆ ಒಂದು ಮಿತಿ ಉಂಟೆಂದು ಗಣಿತದಿಂದ ಕಂಡುಕೊಂಡರು. ಆ ಮಿತಿಯು ಸೂರ್ಯನ ತೂಕದ ಸುಮಾರು 1.4 ಪಾಲು. ಅಷ್ಟಕ್ಕೆ ಒಳಗಿದ್ದರೆ ತಿರುಳು ಭೂಮಿಯಷ್ಟು ಗಾತ್ರದ ಬಿಳಿ ಕುಬ್ಜವಾಗಿ ನಿಲ್ಲುವುದು. ನಮ್ಮ ಸೂರ್ಯನ ಗತಿ ಅದೇ. ಮೀರಿದರೆ ತನ್ನ ಭಾರವನ್ನು ತಾನೇ ತಾಳಲಾರದೆ ಕುಸಿಯುವುದು. 1932ರಲ್ಲಿ ಚಾಡ್ವಿಕ್ ಎಂಬವರು ಪರಮಾಣುವಿನೊಳಗೆ ನ್ಯೂಟ್ರಾನ್ ಎಂಬ ಕಣವನ್ನು ಕಂಡುಹಿಡಿದರು. ಎರಡೇ ವರ್ಷಗಳಲ್ಲಿ ಬಾಡೆ ಮತ್ತು ಜ್ವಿಕಿ ಎಂಬ ಇಬ್ಬರು, ಮಹಾ ನಕ್ಷತ್ರವು ಸಿಡಿದು ಸತ್ತಾಗ ಅದರ ತಿರುಳಿನಲ್ಲಿ ಬರಿಯ ನ್ಯೂಟ್ರಾನುಗಳ ಉಂಡೆಯೊಂದು ಉಳಿದೀತೆಂದು ಸೂಚಿಸಿದರು. ಆಗ ಅದನ್ನು ಯಾರೂ ಲಕ್ಷ್ಯಕ್ಕೆ ತಂದುಕೊಳ್ಳಲಿಲ್ಲ. ಮೂವತ್ತಮೂರು ವರ್ಷಗಳ ಮೇಲೆ ಬೆಲ್ ಅವರ ಕಾಗದದಲ್ಲಿ ಅದು ಗೀಚಾಗಿ ಬಂದು ನಿಂತಿತು.

ನ್ಯೂಟ್ರಾನ್ ತಾರೆಯ ಅಡ್ಡಳತೆಯು ಸುಮಾರು 24 ಕಿಲೋಮೀಟರು. ಕೊಪ್ಪಳದಿಂದ ಯಲಬುರ್ಗೆಯು ನೇರವಾಗಿ ಅಳೆದರೂ ಇದಕ್ಕಿಂತ ದೂರ. ಗಂಗಾವತಿ, ಕುಷ್ಟಗಿಗಳು ಮತ್ತೂ ದೂರ. ಇಷ್ಟರೊಳಗೆ ಸೂರ್ಯನಿಗಿಂತಲೂ ಭಾರವಾದ ದ್ರವ್ಯವು ಅಡಗಿದೆ. ಅದರಲ್ಲಿ ಒಂದು ಘನ ಸೆಂಟಿಮೀಟರು, ಎಂದರೆ ಒಂದು ಚಿಕ್ಕ ಬೋರೆಹಣ್ಣಿನಷ್ಟನ್ನು ತೆಗೆದುಕೊಂಡರೆ ಸುಮಾರು 40 ಕೋಟಿ ಟನ್ ತೂಗುವುದು. ನಾವೇ ಲೆಕ್ಕ ಹಾಕಿ ನೋಡಿದೆವು: ತುಂಗಭದ್ರಾ ಜಲಾಶಯವು ತುಂಬಿದಾಗ ಸುಮಾರು 105 ಟಿ.ಎಂ.ಸಿ. ನೀರು ಹಿಡಿಯುತ್ತದೆ, ಆ ನೀರೆಲ್ಲದರ ತೂಕವು ಇಂಥ ಏಳೆಂಟು ಬೋರೆಹಣ್ಣುಗಳಿಗೆ ಸರಿಹೋಗುವುದು. ಇನ್ನು ಅದರ ವೇಗವು ಎಲ್ಲಿಂದ ಬಂದಿತೆಂಬುದು ಫುಗಡಿ ಆಡಿದ ಹೆಣ್ಣುಮಕ್ಕಳಿಗೆ ಹೇಳಿಕೊಡಬೇಕಾದುದಿಲ್ಲ. ಕೈ ಚಾಚಿ ಸುತ್ತುವಾಗ ನಿಧಾನ. ಮೈಗಳನ್ನು ಹತ್ತಿರ ಎಳೆದುಕೊಂಡ ಕೂಡಲೆ ಸುತ್ತು ಬಿರುಸಾಗುತ್ತದೆ. ಸಾವಿರಾರು ಕಿಲೋಮೀಟರಿನ ತಿರುಳು ಹತ್ತಿಪ್ಪತ್ತು ಕಿಲೋಮೀಟರಿಗೆ ಕುಗ್ಗಿದಾಗ ಆಗುವುದೂ ಹಾಗೆಯೇ. ತರುವಾಯ ಅದು ಮೆಲ್ಲಮೆಲ್ಲನೆ ಸೋಲುತ್ತ ಬರುವುದು. ಏಡಿ ನೀಹಾರಿಕೆಯ ಪಲ್ಸಾರಿನ ಒಂದು ಸುತ್ತಿನ ಕಾಲವು ದಿನವೊಂದಕ್ಕೆ ಸೆಕೆಂಡಿನ ನೂರು ಕೋಟಿಯಲ್ಲಿ 36 ಪಾಲಿನಷ್ಟು ಹೆಚ್ಚುತ್ತಿದೆ; ಹೀಗೆ ಅದು ಕಳೆದುಕೊಳ್ಳುವ ಶಕ್ತಿಯಿಂದಲೇ ಆ ಮೋಡವೆಲ್ಲವೂ ಹೊಳೆಯುತ್ತಲಿದೆ.

ಈ ಶಾಸ್ತ್ರದಲ್ಲಿ ನಮ್ಮ ಕರ್ನಾಟಕದ ಪಾಲು ಅಲ್ಪವಲ್ಲ. ಸರ್ ಸಿ. ವಿ. ರಾಮನ್ ಅವರ ಪುತ್ರರಾದ ವೆಂಕಟರಾಮನ್ ರಾಧಾಕೃಷ್ಣನ್ ಅವರು ಆಸ್ಟ್ರೇಲಿಯದಲ್ಲಿದ್ದಾಗ 1969ರಲ್ಲಿ ವೇಲಾ ಎಂಬ ದಕ್ಷಿಣ ದಿಕ್ಕಿನ ಪಲ್ಸಾರನ್ನು ಪರೀಕ್ಷಿಸಿದರು. ಹಗ್ಗದ ಒಂದು ತುದಿಯನ್ನು ಕಂಬಕ್ಕೆ ಕಟ್ಟಿ ಮತ್ತೊಂದು ತುದಿಯನ್ನು ಮೇಲೆ ಕೆಳಗೆ ಆಡಿಸಬಹುದು, ಅಡ್ಡಡ್ಡವಾಗಿಯೂ ಆಡಿಸಬಹುದು. ಅಲೆಗೆ ಹೀಗೆ ಒಂದು ದಿಕ್ಕು ಉಂಟು. ವೇಲಾದಿಂದ ಬಂದ ಪ್ರತಿ ಮಿಡಿತದಲ್ಲಿಯೂ ಈ ದಿಕ್ಕು ಕ್ರಮವಾಗಿ ತಿರುಗುತ್ತ ಹೋಗುವುದನ್ನು ಅವರು ಕಂಡು, ಕೋಲು ಕಾಂತಧ್ರುವದಿಂದಲೇ ಹೊರಡುತ್ತದೆಂದು ಕುಕ್ ಎಂಬವರೊಡನೆ ತೋರಿಸಿಕೊಟ್ಟರು. ಅದೇ ವರ್ಷ, ಸೋಲುತ್ತ ಬರಬೇಕಾಗಿದ್ದ ಅದೇ ವೇಲಾ ಹಠಾತ್ತಾಗಿ ಹತ್ತು ಲಕ್ಷದಲ್ಲಿ ಎರಡು ಪಾಲಿನಷ್ಟು ಬಿರುಸಾದುದನ್ನು ಮ್ಯಾಂಚೆಸ್ಟರ್ ಎಂಬವರೊಡನೆ ಪ್ರಕಟಿಸಿದರು. ಈ ಎರಡನೆಯ ಸಂಗತಿಯನ್ನು ವಾಚಕರು ನೆನಪಿನಲ್ಲಿಟ್ಟುಕೊಂಡಿರಬೇಕು. ಮುಂದೆ ಅದರಿಂದ ಪ್ರಯೋಜನವಿದೆ. 1972ರಲ್ಲಿ ಅವರು ಬೆಂಗಳೂರಿನ ರಾಮನ್ ಸಂಶೋಧನಾಲಯದ ನಿರ್ದೇಶಕರಾಗಿ ಬಂದರು.

ಇನ್ನೊಬ್ಬರು ನಮಗೆ ಮತ್ತೂ ನೆರೆಯವರು. ಲೇಖಕಿ ಸುಧಾ ಮೂರ್ತಿಯವರ ತಮ್ಮಂದಿರಾದ ಶ್ರೀನಿವಾಸ ಕುಲಕರ್ಣಿಯವರು ಹುಬ್ಬಳ್ಳಿಯಲ್ಲಿ ಬೆಳೆದು ಅಲ್ಲಿಯೇ ಶಾಲೆ ಕಲಿತವರು. 1982ರಲ್ಲಿ ಅವರು ಅಮೆರಿಕದ ಬರ್ಕ್ಲಿಯಲ್ಲಿ ವಿದ್ಯಾರ್ಥಿಯಾಗಿದ್ದಾಗ ಡೊನಾಲ್ಡ್ ಬ್ಯಾಕರ್ ಅವರ ತಂಡದೊಡನೆ ಸೆಕೆಂಡಿಗೆ 642 ಸಲ ತಿರುಗುವ ಪಲ್ಸಾರೊಂದನ್ನು ಕಂಡುಹಿಡಿದರು. ಮಿಡಿತಗಳನ್ನು ಸದ್ದಾಗಿ ಮಾರ್ಪಡಿಸಿ ಕೇಳಿದರೆ ವೇಲಾದ್ದು ಹಲಗೆಯ ಬಡಿತದಂತಿರುವುದು. ಇದರದ್ದಾದರೋ ಹಾರ್ಮೋನಿಯಮ್ಮಿನ ಒಂದು ಏರುಸ್ವರವೇ ಆಗಿಹೋಗುವುದು. ಅದರ ನಡುಗೆರೆಯ ಮೇಲಿನ ನೆಲವು ಬೆಳಕಿನ ವೇಗದ ಆರನೆಯ ಒಂದು ಪಾಲಿನಷ್ಟು ವೇಗದಿಂದ ಓಡುತ್ತಿರಬೇಕು! ಹಳೆಯ ಪಲ್ಸಾರಿಗೆ ಈ ತಾರುಣ್ಯವೆಲ್ಲಿಯದು? ಜೊತೆಯ ನಕ್ಷತ್ರವೊಂದರಿಂದ ದ್ರವ್ಯವು ಸುರುಳಿಯಾಗಿ ಬಂದು ಬೀಳುತ್ತ, ಬುಗುರಿಗೆ ಚಾಟಿ ಬೀಸಿದಂತೆ ಅದನ್ನು ತಿರುಗಿಸಿರಬೇಕೆಂದು ರಾಧಾಕೃಷ್ಣನ್ ಮತ್ತು ಶ್ರೀನಿವಾಸನ್ ಅವರು ಅದೇ ವರ್ಷ ಬೆಂಗಳೂರಿನಿಂದ ಉತ್ತರವಿತ್ತರು. ಹೊರನಾಡಿನ ಬೇರೆ ಪಂಡಿತರೂ ಆ ಸುಮಾರಿನಲ್ಲಿಯೇ ಹಾಗೆಯೇ ಹೇಳಿದರು. 1998ರಲ್ಲಿ, ಜೊತೆಗಾತಿಯ ದ್ರವ್ಯವನ್ನು ನುಂಗುತ್ತ ಸೆಕೆಂಡಿಗೆ 401 ಸಲ ತಿರುಗುವ ಒಂದು ತಾರೆಯು ಸಿಕ್ಕಿ ಆ ಮಾತು ನಿಜವಾಯಿತು. ಸ್ಯಾಕ್ಸ್ ಜೆ1808 ಎಂಬುದು ಅದರ ಪಟ್ಟಿಯ ಹೆಸರು. ಕ್ವಾರ್ಕ್ ತಾರೆಯ ವಾದದಲ್ಲಿ ಮುಖ್ಯ ಸಾಕ್ಷಿಯಾಗಿ ಬಂದು ನಿಂತುದೂ ಇದೇ.

ಕ್ವಾರ್ಕ್ ಎಂದರೇನು? ನ್ಯೂಟ್ರಾನ್, ಪ್ರೋಟಾನುಗಳು ಒಡೆಯದ ಕಣಗಳಲ್ಲ. ಒಂದೊಂದರಲ್ಲಿಯೂ ಮೂರು ಕ್ವಾರ್ಕುಗಳಿವೆ ಎಂಬುದು 1964ರಲ್ಲಿ ಗೆಲ್‌ಮನ್ ಮತ್ತು ಜ್ವೈಗ್ ಅವರಿಂದ ಹೊರಟ ಮತ. ಅದು ಈಗ ಪ್ರಯೋಗಗಳಿಂದ ದೃಢಪಟ್ಟಿದೆ. ನಮ್ಮ ದೇಹ, ಮಣ್ಣು, ಜೋಳ ಎಲ್ಲವೂ ಅಪ್ ಮತ್ತು ಡೌನ್ ಎಂಬ ಎರಡೇ ಬಗೆಯ ಕ್ವಾರ್ಕುಗಳಿಂದ ಆದುವು. ಸ್ಟ್ರೇಂಜ್ ಎಂಬ ಮೂರನೆಯ ಬಗೆಯೊಂದುಂಟು. ಅದು ಭೂಮಿಯಲ್ಲಿ ಹುಟ್ಟಿದರೂ ಕ್ಷಣಮಾತ್ರದಲ್ಲಿ ಅಳಿಯುವುದು. ಕ್ವಾರ್ಕು ಒಂಟಿಯಾಗಿ ಎಂದೂ ಹೊರಗೆ ಬರುವುದಿಲ್ಲ. ಕುಷ್ಟಗಿಯ ತೋಟದ ದಾಳಿಂಬೆಗಳನ್ನು ಒಂದು ಪೆಟ್ಟಿಗೆಯಲ್ಲಿ ತುಂಬಿದ್ದಾರೆನ್ನಿರಿ. ಒಂದೊಂದು ಹಣ್ಣಿನಲ್ಲಿಯೂ ಮೂರು ಮೂರೇ ಕಾಳುಗಳು. ಪೆಟ್ಟಿಗೆಯನ್ನು ಹಗುರವಾಗಿ ಒತ್ತಿದರೆ ಹಣ್ಣುಗಳು ಒಂದಕ್ಕೊಂದು ತಾಗುವುವು. ಬಲವಾಗಿ ಒತ್ತಿದರೆ ಸಿಪ್ಪೆಗಳು ಒಡೆದು ಕಾಳುಗಳೆಲ್ಲ ಒಂದಾಗುವುವು. ಆಗ ಯಾವ ಕಾಳು ಯಾವ ಹಣ್ಣಿನದೆಂದು ಹೇಳುವಂತಿಲ್ಲ. ನ್ಯೂಟ್ರಾನ್ ತಾರೆಯ ಒಡಲಲ್ಲಿ ಒತ್ತಡವು ಇಷ್ಟರಮಟ್ಟಿಗೆ ಏರುವುದೇ, ಇಲ್ಲವೇ ಎಂಬುದೇ ಪ್ರಶ್ನೆ. ಏರುವುದಾದರೆ ಅದು ಹೊರಗೆ ನ್ಯೂಟ್ರಾನು, ಒಳಗೆ ಕ್ವಾರ್ಕು ಆಗಿರುವ ಮಿಶ್ರತಾರೆಯಾಗುವುದು. 1970ರಲ್ಲಿಯೇ ಇಟೋ ಎಂಬ ಜಪಾನೀ ಪಂಡಿತರು ಇಡೀ ತಾರೆಯೇ ಕ್ವಾರ್ಕುಗಳಿಂದ ಆಗಿರುವ ಸಂಭವವನ್ನು ವಿಚಾರ ಮಾಡಿದ್ದರು.

ಬೋಡ್ಮರ್ ಎಂಬವರು 1971ರಲ್ಲಿಯೂ, ವಿಟನ್ ಎಂಬವರು 1984ರಲ್ಲಿಯೂ ಇದಕ್ಕಿಂತ ಗಂಭೀರವಾದೊಂದು ಮಾತನ್ನು ಹೇಳಿದರು. ಮೂರು ಬಗೆಯ ಕ್ವಾರ್ಕುಗಳೂ ಸಮನಾಗಿ ಬೆರೆತ ದ್ರವ್ಯವು ಕಬ್ಬಿಣಕ್ಕಿಂತಲೂ ಸ್ಥಿರವಾಗಿರಬಹುದು ಎಂದು ಅವರ ಊಹೆ. ಇದು ನಿಜವಾದರೆ ನಾವು ಗಟ್ಟಿಯೆಂದು ನಂಬಿರುವ ಕಲ್ಲು, ಕಬ್ಬಿಣಗಳೆಲ್ಲವೂ ಬೆಟ್ಟದ ಇಳಿಜಾರಿನ ನಡುವಿನ ತಗ್ಗೊಂದರಲ್ಲಿ ನಿಂತ ಗುಂಡಿನಂತೆ. ಬುಡದ ನೆಲೆಯು ಬೇರೆಯೇ ಇದೆ. ಹಾಗಾದರೆ ನಾವೇಕೆ ಕರಗಿಹೋಗಿಲ್ಲ ಎಂದು ಕೇಳಬಹುದು. ಒಂದು ಪರಮಾಣುವಿನಲ್ಲಿರುವ ಹತ್ತಾರು ಕ್ವಾರ್ಕುಗಳು ಏಕಕಾಲದಲ್ಲಿ ಸ್ಟ್ರೇಂಜ್ ಆಗಿ ಮಾರ್ಪಟ್ಟರಲ್ಲದೆ ಗುಂಡು ತಗ್ಗಿನಿಂದ ಮೇಲೇಳಲಾರದು. ಅದು ವಿಶ್ವದ ಆಯುಷ್ಯದಲ್ಲಿಯೂ ನಡೆಯುವ ಸಂಭವವಿಲ್ಲ. ತಾಯಂದಿರು ಹೆದರಬೇಕಾದ ಕಾರಣವಿಲ್ಲ.

ಇದನ್ನು ನಿರ್ಣಯಿಸುವುದು ಹೇಗೆ? ಸಾಧಾರಣವಾಗಿ ನ್ಯೂಟ್ರಾನ್ ತಾರೆಯನ್ನು ಗುರುತ್ವಾಕರ್ಷಣೆಯೇ ಹಿಡಿದಿಟ್ಟಿರುತ್ತದೆ. ತೂಕ ಹೆಚ್ಚಿದರೆ ಗಾತ್ರವು ಹೆಚ್ಚುವುದಿಲ್ಲ, ಕೊನೆಗೆ ಕುಗ್ಗುತ್ತದೆ. ಕ್ವಾರ್ಕ್ ತಾರೆಯಾದರೋ ತನ್ನ ಕಣಗಳ ಅಂಟಿನಿಂದಲೇ ಗಟ್ಟಿಯಾಗಿರುವ ಉಂಡೆ. ತೂಕ ಕಡಮೆಯಾದರೆ ಗಾತ್ರವೂ ಕಡಮೆ. ಆದ್ದರಿಂದ ಹಗುರವಾಗಿಯೂ ಚಿಕ್ಕದಾಗಿಯೂ ಇರುವ ತಾರೆಯು ಸಿಕ್ಕಿದರೆ ಅದು ಕ್ವಾರ್ಕ್ ತಾರೆಯೆಂದು ಸಂಶಯಪಡಬಹುದು. 1999ರಲ್ಲಿ ಕೋಲ್ಕತ್ತೆಯ ಮೀರಾ ಡೇ ಮತ್ತು ಜಿಷ್ಣು ಡೇ ದಂಪತಿಗಳೂ ಅವರ ಸಹೋದ್ಯೋಗಿಗಳೂ ಮೇಲೆ ಹೇಳಿದ ಸ್ಯಾಕ್ಸ್ ಜೆ1808 ಅಂಥದೆಂದು ವಾದಿಸಿದರು. ಗಾತ್ರವನ್ನು ಅಂದಾಜು ಮಾಡಿದ ಕ್ರಮದಲ್ಲಿ ಊಹೆಗಳಿದ್ದುದರಿಂದ ಎಲ್ಲರೂ ಒಪ್ಪಲಿಲ್ಲ. 2002ರಲ್ಲಿ ದಕ್ಷಿಣ ಕಿರೀಟ ರಾಶಿಯ ಮತ್ತೊಂದು ತಾರೆಯನ್ನು ಎಕ್ಸ್ ಕಿರಣಗಳಿಂದ ಅಳೆದು ಅದು ಬಹು ಚಿಕ್ಕದೆಂದು ಸಾರಲಾಯಿತು. ಲೋಕದ ಪತ್ರಿಕೆಗಳೆಲ್ಲ ಕ್ವಾರ್ಕ್ ತಾರೆ ಸಿಕ್ಕಿತೆಂದು ಡಂಗುರ ಹೊಡೆದುವು. ಆ ತಾರೆಯು ಬೆಳಕಿನಲ್ಲಿ ಕಂಡುಬರುವ ರೀತಿಯನ್ನೂ ಕೂಡಿಸಿ ನೋಡಲಾಗಿ, ಎಕ್ಸ್ ಕಿರಣಗಳು ಅದರ ಬಿಸಿಯಾದ ಒಂದು ಭಾಗದಿಂದ ಮಾತ್ರ ಬರುತ್ತಿದ್ದು ತಾರೆಯು ದೊಡ್ಡದೇ ಎಂಬುದು ತಿಳಿದುಬಂದಿತು. ಈ ತಿದ್ದುಪಡಿಯನ್ನು ಮೊದಲಿನ ಸುದ್ದಿಯಷ್ಟು ದಪ್ಪಕ್ಷರಗಳಲ್ಲಿ ಅಚ್ಚು ಮಾಡಿದುದನ್ನು ನಾವು ಕಾಣೆವು. 2010ರಲ್ಲಿ ಸೂರ್ಯನ ಎರಡು ಪಾಲಿನಷ್ಟು ಭಾರದ ಪಲ್ಸಾರು ತೂಗಲ್ಪಟ್ಟಿತು. ಅಷ್ಟನ್ನು ಹೊರಲಾರದೆ ಕುಸಿಯುವಷ್ಟು ಮೆದುವಾದ ದ್ರವ್ಯದ ಲೆಕ್ಕಗಳೆಲ್ಲ ಬಿದ್ದುಹೋದುವು. 2022ರಲ್ಲಿ ಮತ್ತೆ ಸೂರ್ಯನ 0.77 ಪಾಲು ತೂಕದ, ಸುಮಾರು 10.4 ಕಿಲೋಮೀಟರು ತ್ರಿಜ್ಯದ ತಾರೆಯೊಂದು ವರದಿಯಾಗಿದೆ. ಹಗುರವಾಗಿಯೂ ಚಿಕ್ಕದಾಗಿಯೂ ಇರಬೇಕೆಂಬ ಲಕ್ಷಣಕ್ಕೆ ಇದು ಸರಿಯಾಗಿ ಹೊಂದುತ್ತದೆ. ಆದರೆ ಅದರ ದೂರವನ್ನೂ ವಾಯುಮಂಡಲವನ್ನೂ ಊಹಿಸಿದ ಬಗೆಯನ್ನು ಅನೇಕರು ಪ್ರಶ್ನಿಸುತ್ತಿದ್ದಾರೆ.

ಈ ವ್ಯಾಜ್ಯದಲ್ಲಿ ಗೌರಿಬಿದನೂರಿನ ಹೆಸರೂ ಬರುವುದೆಂದರೆ ವಾಚಕರಿಗೆ ಆಶ್ಚರ್ಯವಾದೀತು. ಬೆಂಗಳೂರಿನ ಉತ್ತರಕ್ಕಿರುವ ಆ ಊರಿನ ಬಳಿ ರಾಮನ್ ಸಂಶೋಧನಾಲಯವೂ ಭಾರತೀಯ ಖಭೌತ ಸಂಸ್ಥೆಯೂ ಕೂಡಿ, ಬೆಲ್ ಅವರು ಕಟ್ಟಿದಂತೆಯೇ ಕಂಬ ತಂತಿಗಳ ಒಂದು ದೂರದರ್ಶಕವನ್ನು ಕಟ್ಟಿದುವು. ಸಾವಿರ ಗ್ರಾಹಕಗಳು, ಪೂರ್ವ ಪಶ್ಚಿಮವಾಗಿ ಸುಮಾರು 1.4 ಕಿಲೋಮೀಟರು ಉದ್ದ. ಅಲ್ಲಿ ಅವಿನಾಶ ದೇಶಪಾಂಡೆ ಮತ್ತು ಅಶೀಷ್ ಅಸಗೇಕರ್ ಅವರು ಬಿ0943+10 ಎಂಬ ಪಲ್ಸಾರನ್ನು ಪರೀಕ್ಷಿಸಿ 2001ರಲ್ಲಿ ಫಲವನ್ನು ಪ್ರಕಟಿಸಿದರು. ಇದು 1.1 ಸೆಕೆಂಡಿಗೊಮ್ಮೆ ಮಿಡಿಯುವುದು. ಪ್ರತಿ ಮಿಡಿತದೊಳಗೂ ಕಿರುಮಿಡಿತಗಳಿದ್ದು ಅವು ಕ್ರಮವಾಗಿ ಜಾರುತ್ತ ಹೋಗುವುವು. ಇದಕ್ಕೆ ಮುಂಚೆ, 1999ರಲ್ಲಿ ದೇಶಪಾಂಡೆಯವರೂ ಜೊಆನಾ ರ‍್ಯಾಂಕಿನ್ ಎಂಬ ಮಹಿಳೆಯೂ ಸೇರಿ ಇದರ ಗುಟ್ಟನ್ನು ಬಿಡಿಸಿದ್ದರು: ಕಾಂತಧ್ರುವದ ಸುತ್ತ 20 ಕಿಡಿಗಳು ಜಾತ್ರೆಯ ತಿರುಗುವ ಕುದುರೆಗಳಂತೆ ಸಾಲಾಗಿ ಸುತ್ತುತ್ತಿವೆ, ಒಂದು ಪ್ರದಕ್ಷಿಣೆಗೆ ಪಲ್ಸಾರಿನ 37 ಸುತ್ತುಗಳು ಬೇಕು. ಬೇರೊಂದು ಅಲೆಯಲ್ಲಿ ಕಂಡ ಈ ಚಿತ್ರವು ಗೌರಿಬಿದನೂರಿನ ಉದ್ದನೆಯ ಅಲೆಗಳಲ್ಲಿಯೂ ಸರಿಹೋಯಿತು.

ಕಿಡಿಗಳು ಹಾರಬೇಕಾದರೆ ನೆಲಕ್ಕೂ ಮೇಲಿನ ಕಣಗಳಿಗೂ ನಡುವೆ ಬರಿದಾದ ಸ್ಥಳ ಬೇಕು. ನೆಲದಿಂದ ಕಣಗಳು ಸುಲಭವಾಗಿ ಏಳುತ್ತಿದ್ದರೆ ಆ ಸ್ಥಳವು ಕೂಡಲೆ ತುಂಬಿಹೋದೀತು. ಸಾಧಾರಣ ನ್ಯೂಟ್ರಾನ್ ತಾರೆಯ ಕಬ್ಬಿಣದ ನೆಲವು ತನ್ನ ಕಣಗಳನ್ನು ಅಷ್ಟು ಬಿಗಿಯಾಗಿ ಹಿಡಿದಿರಲಾರದೆಂದೂ, ಬೆತ್ತಲೆಯಾದ ಕ್ವಾರ್ಕ್ ನೆಲವಾದರೆ ಹಿಡಿದಿರುವುದೆಂದೂ, ಆದಕಾರಣ ಈ ಪಲ್ಸಾರು ಕ್ವಾರ್ಕ್ ತಾರೆಯೇ ಇರಬಹುದೆಂದೂ 1999ರಲ್ಲಿಯೇ ಮೂವರು ಚೀನೀ ಪಂಡಿತರು ಬರೆದರು. ಧ್ರುವದ ಬಳಿಯ ಕಾಂತಬಲವು ನಾವೆಣಿಸಿದುದಕ್ಕಿಂತ ಹೆಚ್ಚಾಗಿದ್ದರೆ ಕಬ್ಬಿಣವೂ ತನ್ನ ಕಣಗಳನ್ನು ಬಿಡದೆಂಬುದು ಪ್ರತಿವಾದಿಗಳ ಉತ್ತರ. ಈ ಉತ್ತರವೇ ನಮಗೆ ಹೆಚ್ಚು ಸಮಂಜಸವಾಗಿ ತೋರುತ್ತದೆ.

ಇದಕ್ಕೆ ಕಾರಣವುಂಟು. ಮೇಲೆ ನೆನಪಿಡಬೇಕೆಂದು ಹೇಳಿದ ವೇಲಾದ ಹಠಾತ್ ನೆಗೆತಕ್ಕೆ ಇಲ್ಲಿ ಪ್ರಯೋಜನ. ನೀರು ತುಂಬಿದ ಕೊಡವನ್ನು ತಿರುಗಿಸಿ ಹಿಡಿದು ನಿಲ್ಲಿಸಿದರೆ ಕೊಡ ನಿಂತರೂ ಒಳಗಿನ ನೀರು ಸುತ್ತುತ್ತಿರುವುದು. ಹಾಗೆ, ತಾರೆಯ ಹೊರಚಿಪ್ಪು ಸೋಲುತ್ತ ಬಂದರೂ ಅದರೊಳಗಿನ ದ್ರವವು ಹಳೆಯ ವೇಗವನ್ನು ಕಾಪಾಡಿಕೊಂಡಿದ್ದು, ಒಮ್ಮೆಲೆ ಚಿಪ್ಪಿಗೆ ಕೊಟ್ಟಾಗ ತಾರೆಯು ಬಿರುಸಾಗುವುದು. ಇದಕ್ಕೆ ದಪ್ಪನೆಯ ಚಿಪ್ಪು ಬೇಕು. ಕ್ವಾರ್ಕ್ ತಾರೆಗೆ ಚಿಪ್ಪು ಇದ್ದರೂ ಬಹು ತೆಳುವಾಗಿರತಕ್ಕದ್ದು. ಹೀಗಿರಲು ವೇಲಾದಂಥವು ಕ್ವಾರ್ಕ್ ತಾರೆಗಳಾಗಿರುವುದು ಕಷ್ಟ. ಕೆಲವು ಮಾತ್ರ ಕ್ವಾರ್ಕ್ ತಾರೆಗಳಾಗಿರಬಾರದೇ ಎಂದರೆ, ಅದಕ್ಕೂ ಅಡ್ಡಿಯಿದೆ. ಎರಡು ಕ್ವಾರ್ಕ್ ತಾರೆಗಳು ಎಂದಾದರೂ ಢಿಕ್ಕಿ ಹೊಡೆದರೆ ಚೂರುಗಳು ದಿಕ್ಕುದಿಕ್ಕಿಗೆ ಹಾರುವುವು. ಒಂದು ಚೂರು ನ್ಯೂಟ್ರಾನ್ ತಾರೆಯೊಳಗೆ ಬಿದ್ದರೂ, ಹಾಲಿಗೆ ಬಿದ್ದ ಹೆಪ್ಪಿನಂತೆ ಅದನ್ನೆಲ್ಲ ಕ್ವಾರ್ಕು ಮಾಡಿಬಿಡುವುದು. ಒಂದಿದ್ದರೆ ಕ್ರಮೇಣ ಎಲ್ಲವೂ ಅದೇ ಆಗಬೇಕಾಗಿದ್ದಿತು. ಚೂರುಗಳು ಹಾರುವುದೇ ಇಲ್ಲವೆನ್ನುವವರೂ ಇದ್ದಾರೆ. ಆದರೂ ಬರಿಯ ಕ್ವಾರ್ಕ್ ತಾರೆಗಿಂತ ಭಾರವಾದ ನ್ಯೂಟ್ರಾನ್ ತಾರೆಯ ಹೊಟ್ಟೆಯೊಳಗಿನ ಕ್ವಾರ್ಕ್ ತಿರುಳೇ ಹೆಚ್ಚು ಸಂಭಾವ್ಯವೆಂದು ನಮ್ಮ ಅಭಿಪ್ರಾಯ.

ಸೆಕೆಂಡಿಗೆ ಸಾವಿರಕ್ಕೂ ಎಷ್ಟೋ ಹೆಚ್ಚು ಸಲ ತಿರುಗುವ ಪಲ್ಸಾರೊಂದು ಸಿಕ್ಕಿದರೆ ನಾವು ಈ ಅಭಿಪ್ರಾಯವನ್ನು ಬಿಡಬೇಕಾದೀತು. ನ್ಯೂಟ್ರಾನ್ ತಾರೆ ಅಷ್ಟನ್ನು ತಾಳುವುದು ಕಠಿನ. ತಿಳಿದಿರುವ 3,000ಕ್ಕೂ ಮಿಕ್ಕ ಪಲ್ಸಾರುಗಳಲ್ಲಿ ಅತ್ಯಂತ ವೇಗದ್ದು 716 ಸಲ ತಿರುಗುತ್ತದೆ. 2015ರ ಸೆಪ್ಟೆಂಬರಿನಲ್ಲಿ ಹಾರಿಸಲ್ಪಟ್ಟ ಆಸ್ಟ್ರೋಸ್ಯಾಟ್ ಉಪಗ್ರಹವು 2019ರಲ್ಲಿ ಸ್ಯಾಕ್ಸ್ ಜೆ1808 ಉರಿದೆದ್ದಾಗ ಅದನ್ನು ನೋಡಿತು. 2024ರ ಜನವರಿ 1ರಂದು ಹೋದ ಎಕ್ಸ್‌ಪೋಸ್ಯಾಟ್ ಉಪಗ್ರಹದಲ್ಲಿ ಎಕ್ಸ್ ಕಿರಣದ ಅಲೆಗಳ ದಿಕ್ಕನ್ನು ಅಳೆಯತಕ್ಕ ಯಂತ್ರವು ರಾಮನ್ ಸಂಶೋಧನಾಲಯದಲ್ಲಿಯೇ ತಯಾರಾದುದು; ರಾಧಾಕೃಷ್ಣನ್ ಅವರು ರೇಡಿಯೋ ಅಲೆಯಲ್ಲಿ ಮಾಡಿದುದನ್ನು ಅದು ಎಕ್ಸ್ ಕಿರಣದಲ್ಲಿ ಮಾಡತಕ್ಕದ್ದು. ನಮ್ಮಂತೆಯೇ ಹಿಂದೆ ನಿಜಾಮರ ಸೀಮೆಗೆ ಸೇರಿದ್ದ ಹಿಂಗೋಲಿಯ ಬಳಿ ಗುರುತ್ವದ ಅಲೆಗಳನ್ನು ಹಿಡಿಯುವ ದೊಡ್ಡ ಕಾರ್ಯಾಗಾರಕ್ಕೆ 2023ರಲ್ಲಿ ಕೇಂದ್ರ ಸರಕಾರದ ಮಂಜೂರಾತಿ ದೊರೆಯಿತು. ಎರಡು ನ್ಯೂಟ್ರಾನ್ ತಾರೆಗಳು ಢಿಕ್ಕಿ ಹೊಡೆಯುವ ಮುನ್ನ ಒಂದನ್ನೊಂದು ಎಷ್ಟು ಹಿಗ್ಗಿಸುವುವೆಂಬುದು ಆ ಅಲೆಗಳಲ್ಲಿ ಬರೆದಿರುತ್ತದೆ. ಅದರಿಂದ ಒಡಲಿನ ಗಟ್ಟಿತನವು ಗೊತ್ತಾಗುವುದು. 2017ರ ಆಗಸ್ಟ್ 17ರಂದು ಇಂಥ ಢಿಕ್ಕಿಯೊಂದನ್ನು ಅಮೆರಿಕ ಮತ್ತು ಯೂರೋಪಿನ ಯಂತ್ರಗಳು ಮೊದಲಬಾರಿ ಹಿಡಿದುವು.

ಬಿ0943+10 ಇರುವ ಎಡೆಯನ್ನು ನೋಡಬೇಕೆನ್ನುವವರು ಮಾರ್ಚಿ ತಿಂಗಳಲ್ಲಿ ರಾತ್ರಿಯ ಊಟವಾದ ಮೇಲೆ ಅಂಗಳಕ್ಕೆ ಬಂದು ಮಘೆಯನ್ನು ಹುಡುಕಬೇಕು. ಮಘೆಯ ಮಳೆಯನ್ನು ಬಲ್ಲ ಹಿರಿಯರು ಮನೆಯಲ್ಲಿದ್ದರೆ ಅವರೇ ತೋರಿಸಿಯಾರು. ಅದರಿಂದ ಪಶ್ಚಿಮಕ್ಕೆ, ಚಾಚಿದ ಕೈಯ ಮೂರು ಬೆರಳುಗಳ ಅಗಲದಷ್ಟು ಸರಿದು ನೋಡಿರಿ. ಬರಿಗಣ್ಣಿಗೆ ಅಲ್ಲಿ ಏನೂ ಕಾಣಿಸುವುದಿಲ್ಲ. ಕುಷ್ಟಗಿಯ ಆ ಹುಡುಗಿಗೆ ನಾವು ಇದನ್ನು ತೋರಿಸಿದಾಗ ಅವಳು ಬಹಳ ಹೊತ್ತು ನೋಡಿ, "ಹಂಗಾರ ಅದರೊಳಗ ಏನೈತಿ ಅಂತ ಇನ್ನೂ ಯಾರಿಗೂ ಗೊತ್ತಿಲ್ಲೇನ್ರೀ?" ಎಂದು ಕೇಳಿದಳು. ಇಲ್ಲವೆಂದು ಹೇಳಿದೆವು.